ಚಿಕ್ಕಪ್ಪನಿಗೆ ದುಡ್ಡು ಕಳಿಸುವ ಮುಂಚೆ

ಸಕಲೇಶಪುರ

ಪುಟ್ಟಿ,

ಚಿಕ್ಕಪ್ಪನಿಗೆ ಫೋನಲ್ಲಿ "ನಿಮಗೆ ಅಳೋದೇ ಕಸುಬು" ಅಂದೆಯಂತೆ. ಆ ಮಾತಿಗೆ ಕ್ಷಮೆ ಕೇಳು. ದುಡ್ಡು ಕಳಿಸಲ್ಲ ಅಂದಿದ್ದಕ್ಕೆ ಕೇಳಬೇಡ. ಮನೆಯಲ್ಲಿ ಅವನ ಫೋನ್ ಎತ್ತುವವಳು ನೀನೊಬ್ಬಳೇ, ಅದು ನನಗೆ ಹೆಮ್ಮೆ. ಭಯವೂ ಅದೇ.

ಅವನ ಕಷ್ಟ ಸುಳ್ಳಲ್ಲ. ಆನೆ ನುಗ್ಗಿ ಕಾಫಿ ಗಿಡ ಮುರಿದಿದ್ದು ನಿಜ. ಮೊದಲು ಅದನ್ನು ಒಪ್ಪಿಕೋ. "ಪಾಸಿಟಿವ್ ಆಗಿರಿ" ಅಂದರೆ ನಷ್ಟವೇ ಆಗಿಲ್ಲ ಅಂದಂತೆ ಕೇಳಿಸುತ್ತೆ, ಮತ್ತೆ ಮೊದಲಿಂದ ಪುರಾವೆ ಒಪ್ಪಿಸುತ್ತಾನೆ. ತೊಡಕಿರೋದು ಆಮೇಲೆ: ಫಾರೆಸ್ಟಿನವರು, ಬ್ಯಾಂಕು, ಅಣ್ಣ (ನಾನೇ), ಹಣೆಬರಹ, ಎಲ್ಲರೂ ಸೇರಿ ಮುಳುಗಿಸಿದರು ಅನ್ನೋದು. ಏನು ದಾರಿ ಹೇಳಿದರೂ "ಸರಿ, ಆದ್ರೆ..."

ಅವನು ಯಾಕೆ ಹೀಗೆ ಅನ್ನೋದಕ್ಕೆ ಇದನ್ನು ಕೇಳು: ಸೆಲಿಗ್ಮನ್, ಮಾಯರ್ ಎಂಬ ಮನೋವಿಜ್ಞಾನಿಗಳು 1967ರಲ್ಲಿ ನಾಯಿಗಳಿಗೆ ತಪ್ಪಿಸಿಕೊಳ್ಳಲಾಗದ ಕರೆಂಟ್ ಶಾಕ್ ಕೊಟ್ಟರು. ಆಮೇಲೆ ದಾರಿ ತೆರೆದಿಟ್ಟರೂ ಹೆಚ್ಚಿನವು ಎದ್ದು ಹೋಗಲಿಲ್ಲ. ಅಸಹಾಯಕತೆ ಕಲಿತದ್ದು ಅಂದುಕೊಂಡಿದ್ದರು. 2016ರಲ್ಲಿ ಅವರೇ ಅದನ್ನು ತಿರುಗಿಸಿದರು: ಪೆಟ್ಟು ನಿಲ್ಲದಿದ್ದರೆ ಸುಮ್ಮನೆ ಬಿದ್ದುಕೊಳ್ಳೋದು ಮಿದುಳಿನ ಮೂಲ ಗುಣ, "ನನ್ನ ಕೈಲಾಗುತ್ತೆ" ಅನ್ನೋದನ್ನೇ ಕಲಿಯಬೇಕು. ಕಲಿಯೋದು ಮಾಡಿ ಮಾತ್ರ. ಅದಕ್ಕೇ ಬೆಳೆ ನಷ್ಟದ ಪರಿಹಾರದ ಅರ್ಜಿ ನೀನು ತುಂಬಬೇಡ. ಮುರಿದ ಗಿಡ ಎಣಿಸೋದು, ಆನೆ ಹೆಜ್ಜೆ ಕಾಣೋ ಹಾಗೆ ಫೋಟೋ ತೆಗೆಯೋದು, ಪಹಣಿ, ಪಾಸ್‌ಬುಕ್ ಪ್ರತಿ ಹಿಡಿದು ಫಾರೆಸ್ಟಿನವರ ರೇಂಜ್ ಆಫೀಸಿಗೆ ಹೋಗೋದು ಅವನ ಕೆಲಸ. ಒಂದು ಫೋನಿಗೆ ಒಂದೇ ಕೆಲಸ ಕೇಳು: "ಈ ವಾರ ಯಾವುದು ಆಗುತ್ತೆ?" ಆಗದಿದ್ದರೆ ಬೈಯಬೇಡ, ನೀನೂ ಮಾಡಬೇಡ. ಮಾಡಿದ್ದರೆ "ಹೆಂಗೆ ಮಾಡಿದ್ರಿ?" ಅಂತ ಕೇಳು. ತನ್ನ ಬಾಯಿಂದಲೇ ಹೇಳಲಿ.

ದುಡ್ಡು ಮಾತ್ರ ಬೇಡ. ಕಾರ್ಪ್‌ಮನ್ ಎಂಬ ಮನೋವೈದ್ಯ 1968ರಲ್ಲಿ ತ್ರಿಕೋನ ಬರೆದ: ನೊಂದವನು, ಕಾಪಾಡುವವನು, ಕಾಡುವವನು. ಕಾಪಾಡಿ ಸುಸ್ತಾದವರು ಕಾಡುವ ಮೂಲೆಗೆ ಹೋಗುತ್ತಾರೆ, ಕಡೆಗೆ "ಇಷ್ಟು ಮಾಡಿದೆ, ನನಗೇನು ಸಿಕ್ತು" ಅಂತ ತಾವೇ ನೊಂದವರಾಗುತ್ತಾರೆ. ನೀನಾಗಲೇ ಕಾಡುವ ಮೂಲೆಯಲ್ಲಿದ್ದೀಯ. ನನ್ನ ನಿದ್ದೆ ಕೆಡಿಸಿರೋದು ಅವನ ತೋಟವಲ್ಲ, ನಿನಗಾಗಿ ಕಾದಿರೋ ಆ ನೊಂದವರ ಮೂಲೆ. ಸಂಬಳ ಬಂದ ದಿನ ಫೋನ್‌ಪೇ ತೆರೆದು ಕೂರುತ್ತೀಯಲ್ಲ, ಆಗ ಇದನ್ನೊಮ್ಮೆ ಓದು. ಬುದ್ಧಿ ಹೇಳಲ್ಲ ಅಂದುಕೊಂಡೇ ಬರೆಯೋಕೆ ಕೂತೆ, ಹೋಗಲಿ ಬಿಡು.

"ಸತ್ತರೆ ಸಾಕು" ಅಂದರೆ ಮಾತ್ರ ಹಳೇ ರಾಗ ಅನ್ನಬೇಡ. ಸಾಯೋ ಯೋಚನೆ ಇದೆಯಾ ಅಂತ ನೇರವಾಗಿ ಕೇಳು, ಅವನನ್ನು ಒಂಟಿ ಬಿಡದ ಹಾಗೆ ನನಗೆ ತಿಳಿಸು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿಸು: 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.

ಬೆಳಿಗ್ಗೆ ಎಂಟರೊಳಗೆ ಫೋನ್ ಮಾಡು. ಆಮೇಲೆ ತೋಟಕ್ಕಿಳಿದರೆ ಸಿಗ್ನಲ್ ಸಿಗಲ್ಲ.

ಅಪ್ಪ