ಜಗಲಿಗೆ ಗ್ರಾನೈಟು, ಕೊಟ್ಟಿಗೆಗೆ ಕೆಸರು

ಮಾನ್ಯ ಸಂಪಾದಕರೇ,

ಮಲೆನಾಡಿನ ಹಳೆಯ ಮನೆಗಳನ್ನು ದುರಸ್ತಿ ಮಾಡಿಸಿಕೊಂಡು ಚಂದಗಾಣಿಸಿದವರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚಿತ್ರಗಳು ಸೊಗಸಾಗಿದ್ದವು. ಎಣ್ಣೆ ಕುಡಿಸಿ ಹೊಳಪು ಬರಿಸಿದ ಮುಂಡಿಗೆಗಳು, ಕಪ್ಪು ಗ್ರಾನೈಟು ಹಾಸಿದ ಜಗಲಿ, ತೂಗುಮಂಚ, ಗೋಡೆಯ ಮೇಲೆ ಹಸೆ ಚಿತ್ತಾರ, ಮೂಲೆಯಲ್ಲಿ ತಾಮ್ರದ ಹಂಡೆ, ಹಂಡೆಯಲ್ಲಿ ಹೂವಿನ ಗಿಡ. ಆ ಹಂಡೆಯನ್ನು ಕಂಡಾಗ ನನಗೆ ಹೊಳೆದದ್ದು ಒಂದೇ ಪ್ರಶ್ನೆ: ಹಾಗಾದರೆ ಆ ಮನೆಯಲ್ಲಿ ಸ್ನಾನದ ನೀರು ಎಲ್ಲಿ ಕಾಯುತ್ತದೆ? ಎಷ್ಟು ಹುಡುಕಿದರೂ ಬಚ್ಚಲಿನ ಚಿತ್ರ ಸಿಗಲಿಲ್ಲ. ಕೊಟ್ಟಿಗೆಯದೂ ಇಲ್ಲ, ಒಲೆಯದೂ ಇಲ್ಲ.

ಇದರಲ್ಲಿ ಪತ್ರಿಕೆಯದು ದೊಡ್ಡ ತಪ್ಪೇನೂ ಇಲ್ಲ. ನಮ್ಮ ಕಡೆಯ ಮನೆಗಳ ದುರಸ್ತಿಯೇ ಹಾಗೆ ನಡೆಯುತ್ತದೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಮೇಸ್ತ್ರಿಗಳು ಸಿಗುವುದಿಲ್ಲ. ಮೊದಲು ಜಗಲಿ, ಆಮೇಲೆ ಗೇಟು, ಆಮೇಲೆ ಕಾರು ನಿಲ್ಲಿಸುವ ಮಾಡು, ಬೆಂಗಳೂರಿನಿಂದ ಬರುವ ಮಗ ಸೊಸೆಗೆಂದು ಒಂದು ಕೋಣೆ, ಅದಕ್ಕೆ ತಾಗಿಕೊಂಡೇ ಸ್ನಾನದ ಮನೆ. ಅವರು ಬರುವುದು ದೀಪಾವಳಿಗೆ ಮತ್ತು ಮೇ ತಿಂಗಳಿನಲ್ಲಿ. ದಿನಕ್ಕೆ ಎರಡು ಹೊತ್ತು ಕಾಲಿಡುವ ಕೊಟ್ಟಿಗೆಯ ಸರದಿ ಬರುವ ಹೊತ್ತಿಗೆ ದುಡ್ಡು ಮುಗಿದಿರುತ್ತದೆ. ಮನೆಗೆ ಬಂದವರು ಕೂರುವ ಜಾಗಕ್ಕೆ ಮೊದಲ ಮರ್ಯಾದೆ, ಮನೆಯವರು ದುಡಿಯುವ ಜಾಗಕ್ಕೆ ಉಳಿದದ್ದು. ಮನೆಯವರು ಎಂದರೆ ಹೆಂಗಸರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಸಾಗರ ತಾಲ್ಲೂಕಿನವಳು. ಎರಡು ಎಕರೆ ಅಡಿಕೆ ತೋಟ, ಎರಡು ಜರ್ಸಿ ಮಿಶ್ರತಳಿಯ ಹಸುಗಳು, ನಮ್ಮ ಸೀಮೆಯದೇ ಸಣ್ಣ ಆಳ್ತನದ ಮೂರು ಮಲೆನಾಡು ಗಿಡ್ಡ ಹಸುಗಳು, ಒಂದು ನಾಯಿ ನಮ್ಮ ಸಂಸಾರ. ಬೆಕ್ಕುಗಳ ಲೆಕ್ಕ ಬೆಕ್ಕುಗಳಿಗೇ ಗೊತ್ತು. ಕೊಟ್ಟಿಗೆ ಎಂದರೆ ಏನೆಂದು ಪೇಟೆಯ ಓದುಗರಿಗೆ ಸ್ವಲ್ಪ ಹೇಳುತ್ತೇನೆ. ಬೆಳಗಿನ ಜಾವ ಎದ್ದು ಸೆಗಣಿ ಬಾಚಬೇಕು, ಅಕ್ಕಚ್ಚಿಗೆ ಹಿಂಡಿ ಕಲಸಿ ಇಡಬೇಕು, ಕರು ಬಿಡಬೇಕು, ಕಟ್ಟಬೇಕು, ಹಾಲು ಕರೆಯಬೇಕು, ಡೇರಿಯ ಹೊತ್ತು ಮೀರುವ ಮೊದಲು ಕ್ಯಾನು ರಸ್ತೆಗೆ ತಲುಪಬೇಕು. ಇಷ್ಟೂ ಕೆಲಸ ನಡೆಯುವುದು ಒಂದು ಮಂಕು ಬಲ್ಬಿನ ಬೆಳಕಿನಲ್ಲಿ. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಮಣ್ಣಿನ ನೆಲ, ಹಾಸಿದ ಸೊಪ್ಪು, ಗಂಜಲ ಎಲ್ಲವೂ ಒಂದಾಗಿ ಕೆಸರುಗದ್ದೆಯೇ ಆಗಿಬಿಡುತ್ತದೆ. ಆ ಕೆಸರಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಹಾಲು ಕರೆದವರ ಕಾಲಿನ ಬೆರಳ ಸಂದು ನೋಡಿ. ಕೆಸರುಹುಣ್ಣು ಮಳೆಗಾಲ ಮುಗಿದರೂ ಮಾಯುವುದಿಲ್ಲ.

ನಮ್ಮ ಮನೆಯಲ್ಲೂ ಜಗಲಿಗೆ ಗ್ರಾನೈಟು ಹಾಕಿಸುವ ಮಾತು ಬಂದಿತ್ತು. ಈ ಸಲ ಕೊಟ್ಟಿಗೆಯೇ ಮೊದಲು ಎಂದು ನಾನು ಪಟ್ಟು ಹಿಡಿದೆ. ನಮ್ಮ ಮನೆಯವರು ಹೆಚ್ಚು ವಾದಿಸಲಿಲ್ಲ. ಅಚ್ಚರಿಪಟ್ಟವರು ಮೇಸ್ತ್ರಿ. "ಅಮ್ಮಾ, ದನಕ್ಕೆ ಇಷ್ಟೆಲ್ಲ ಯಾರು ಮಾಡಿಸುತ್ತಾರೆ?" ಎಂದರು. ದನಕ್ಕಲ್ಲ, ನನಗೆ ಎಂದೆ.

ಅಲ್ಲಿಯೂ ಒಂದು ತಕರಾರು ಎದ್ದಿತು. ಮೇಸ್ತ್ರಿಗೆ ಜಗಲಿಯ ಕೈ ಅಭ್ಯಾಸ, ನೆಲವನ್ನು ಕನ್ನಡಿಯಂತೆ ನುಣುಪು ಮಾಡಿ ಕೊಡುವುದೇ ಅವರ ಹೆಮ್ಮೆ. ನುಣುಪು ನೆಲದಲ್ಲಿ ಹಸು ಜಾರುತ್ತದೆ. ಗಬ್ಬದ ಹಸು ಜಾರಿ ಬಿದ್ದರೆ ಹಸುವೂ ಹೋಯಿತು, ಕರುವೂ ಹೋಯಿತು. ಆದ್ದರಿಂದ ಸಿಮೆಂಟು ಇನ್ನೂ ಹಸಿಯಿರುವಾಗಲೇ ತೆಂಗಿನ ಕಡ್ಡಿಯ ಹಿಡಿಯಿಂದ ಅಡ್ಡಡ್ಡ ಗೀರು ಎಳೆಸಿದೆವು. ಗೋದಲಿಯ ಕಡೆಯಿಂದ ಚರಂಡಿಯ ಕಡೆಗೆ ಐದು ಅಡಿಗೆ ಒಂದೂವರೆ ಇಂಚು ಇಳಿಜಾರು. ಅದಕ್ಕಿಂತ ಕಡಿಮೆಯಾದರೆ ಗಂಜಲ ನಿಲ್ಲುತ್ತದೆ, ಹೆಚ್ಚಾದರೆ ಹಸುವಿನ ಹಿಂಗಾಲಿಗೆ ಭಾರ. ಚರಂಡಿಯೂ ಆಳವಾಗಿರಬಾರದು, ಗೊರಸು ಸಿಕ್ಕಿಕೊಳ್ಳುತ್ತದೆ. ಗೋದಲಿಯನ್ನು ಜರ್ಸಿಗಳಿಗೆ ಒಂದು ಎತ್ತರ, ಗಿಡ್ಡಗಳಿಗೆ ಇನ್ನೊಂದು ಎತ್ತರದಲ್ಲಿ ಕಟ್ಟಿಸಿದೆವು. ಮಲೆನಾಡು ಗಿಡ್ಡ ರಾಷ್ಟ್ರೀಯ ಪಟ್ಟಿಯಲ್ಲಿ ಪ್ರತ್ಯೇಕ ತಳಿಯೆಂದು ನೋಂದಣಿಯಾಗಿದೆ. ಆದರೆ ಸಿದ್ಧ ನಕ್ಷೆಯಲ್ಲಿ ಕಟ್ಟುವ ಕೊಟ್ಟಿಗೆಗಳಲ್ಲಿ ಅದರ ಕುತ್ತಿಗೆಯ ಎತ್ತರವನ್ನು ಯಾರೂ ಅಳೆದಂತಿಲ್ಲ. ಮೂರು ಅಡಿಯ ಹಸು ಎರಡೂವರೆ ಅಡಿಯ ಗೋಡೆಯ ಮೇಲಿಂದ ಹುಲ್ಲು ತಿನ್ನುವುದು ಹೇಗೆ?

ನೆಲ ಗಟ್ಟಿಯಾಗುವವರೆಗೆ ದನಗಳನ್ನು ಅಡಿಕೆ ಸುಲಿಯುವ ಮಾಡಿನಲ್ಲಿ ಕಟ್ಟಿದ್ದೆವು. ಮರಳಿ ತಂದ ದಿನ ಜರ್ಸಿಗಳು ತಕರಾರಿಲ್ಲದೆ ಒಳಗೆ ಹೋದವು. ಗಿಡ್ಡಗಳ ಹಿರಿಯಳಾದ ಕೆಂಪಿ ಮಾತ್ರ ಬಾಗಿಲಲ್ಲಿ ಮುಂಗಾಲು ಊರಿ ನಿಂತುಬಿಟ್ಟಳು. ಹಿಂಡಿ ತೋರಿಸಿದರೂ ಇಲ್ಲ, ಬಾಲ ತಿರುಚಿದರೂ ಇಲ್ಲ. ನಮ್ಮ ಅತ್ತೆ ಒಂದು ಬುಟ್ಟಿ ಸೆಗಣಿಯನ್ನು ನೀರಿಗೆ ಕದಡಿ ನೆಲಕ್ಕೆಲ್ಲ ಎರಚಿದರು. ಕೆಂಪಿ ತಲೆ ತಗ್ಗಿಸಿ ಮೂಸಿದಳು, ಒಂದು ಸಲ ಬುಸ್ಸೆಂದಳು, ಒಳಗೆ ಬಂದು ತನ್ನ ಜಾಗದಲ್ಲೇ ನಿಂತಳು. ಸಿಮೆಂಟಿಗೆ ಮನೆಯ ವಾಸನೆ ಇರಲಿಲ್ಲ, ಅಷ್ಟೇ.

ಮಾವನ ಆಕ್ಷೇಪ ಬೇರೆಯದು, ಮತ್ತು ಅದು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಬೆಟ್ಟದಿಂದ ತಂದ ಸೊಪ್ಪನ್ನೂ ದರಕನ್ನೂ (ಉದುರಿದ ಒಣ ಎಲೆ) ದನದ ಕಾಲಡಿಗೆ ಹಾಸಿ, ಅದು ಸೆಗಣಿ ಗಂಜಲದಲ್ಲಿ ಕಳಿತ ಮೇಲೆ ತೋಟಕ್ಕೆ ಹಾಕುವುದು ನಮ್ಮ ಅಡಿಕೆ ಬೇಸಾಯದ ಬುನಾದಿ. ಬ್ರಿಟಿಷರ ಕಾಲದಿಂದಲೂ ತೋಟಗಳಿಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿರುವುದು ಇದಕ್ಕೇ. "ದನ ತುಳಿಯದ ಸೊಪ್ಪು ಗೊಬ್ಬರವಾಗುವುದೆಂತು?" ಎಂದು ಮಾವ ಕೇಳಿದರು. ನಾವು ಕಂಡುಕೊಂಡ ದಾರಿ ಹೀಗಿದೆ. ಸೊಪ್ಪು ಕೊಟ್ಟಿಗೆಗೆ ಬರದೆ ನೇರವಾಗಿ ಗೊಬ್ಬರಗುಂಡಿಗೆ ಹೋಗುತ್ತದೆ. ಸೆಗಣಿ ಗೋಬರ್ ಗ್ಯಾಸಿನ ತೊಟ್ಟಿಗೆ. ಅಲ್ಲಿಂದ ಹೊರಬಂದ ಬಗ್ಗಡವನ್ನೂ ಚರಂಡಿಯ ಗಂಜಲವನ್ನೂ ಗುಂಡಿಯ ಸೊಪ್ಪಿನ ಮೇಲೆ ಪದರ ಪದರವಾಗಿ ಹರಿಸುವುದು. ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ ಬಂತು. ಮಾವ ಅದನ್ನು ಹಿಡಿಯಲ್ಲಿ ಹಿಚುಕಿ ನೋಡಿ ಏನೂ ಹೇಳಲಿಲ್ಲ. ಅವರು ಏನೂ ಹೇಳದಿರುವುದನ್ನು ನಮ್ಮ ಮನೆಯಲ್ಲಿ ಒಪ್ಪಿಗೆ ಎಂದೇ ತಿಳಿಯುತ್ತಾರೆ.

ಗೋಬರ್ ಗ್ಯಾಸಿನ ವಿಷಯದಲ್ಲಿ ಪಕ್ಕದ ಶಿರಸಿ ಸೀಮೆಯವರು ನಮಗಿಂತ ಎಷ್ಟೋ ಮುಂದೆ. 1981–82ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಯೋಜನೆ ಶುರುವಾದ ಮೇಲೆ ದೇಶದ ಎಷ್ಟೋ ಕಡೆ ಕಟ್ಟಿಸಿದ ತೊಟ್ಟಿಗಳು ಪಾಳುಬಿದ್ದವು, ಶಿರಸಿ ಸೀಮೆಯಲ್ಲಿ ಉಳಿದವು. ಕಟ್ಟಲು ಪಳಗಿದ ಮೇಸ್ತ್ರಿಗಳಿದ್ದರು, ಕೆಟ್ಟರೆ ಬಂದು ನೋಡುವವರಿದ್ದರು, ಬಗ್ಗಡಕ್ಕೆ ತೋಟವಿತ್ತು. ನಮ್ಮದು ಎರಡು ಘನ ಮೀಟರಿನದು. ಅದಕ್ಕೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ, ಅಷ್ಟೇ ನೀರು ಬೇಕು. ನಾಲ್ಕೈದು ಜನರ ಅಡಿಗೆ ಸಾಗುತ್ತದೆ. ಬರಿಯ ಗಿಡ್ಡಗಳನ್ನು ನಂಬಿ ಇದನ್ನು ಕಟ್ಟಿಸಬೇಡಿ. ಹಗಲೆಲ್ಲ ಗುಡ್ಡದಲ್ಲಿ ಮೇಯುವ ಹಸು ಸೆಗಣಿಯನ್ನೂ ಗುಡ್ಡಕ್ಕೇ ಕೊಟ್ಟು ಬರುತ್ತದೆ, ರಾತ್ರಿಯದು ಮಾತ್ರ ನಿಮ್ಮ ಪಾಲಿಗೆ. ಚಳಿಗಾಲದಲ್ಲಿ ಗ್ಯಾಸು ಕಡಿಮೆಯಾಗುವುದೂ ಸಹಜ.

ಕೊಟ್ಟಿಗೆ ಚೊಕ್ಕಟವಾಗಿರಬೇಕು ಎನ್ನುವುದಕ್ಕೆ ನಮ್ಮ ಸೀಮೆಯಲ್ಲಿ ಇನ್ನೊಂದು ಕಾರಣವಿದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಎಷ್ಟು ಮನೆಗಳ ದೀಪ ಆರಿಸಿತೆಂಬುದನ್ನು ನಾವು ಮರೆತಿಲ್ಲ. ದನಗಳಿಗೆ ಆ ಕಾಯಿಲೆ ಬರುವುದಿಲ್ಲ, ಆದರೆ ಅದನ್ನು ಹರಡುವ ಉಣುಗಿನ (ಉಣ್ಣೆಯ) ಸಂತಾನ ಬೆಳೆಯುವುದಕ್ಕೆ ದನದ ಮೈಯೇ ಆಸರೆ. ಮನುಷ್ಯರಿಗೆ ಕಾಯಿಲೆ ಹತ್ತಿಸುವುದು ಹೆಚ್ಚಾಗಿ ಮರಿ ಉಣುಗು, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು. ಅದು ಬಲಿಯುವ ಕಾಲವೂ ನಾವು ದರಕು ಗುಡಿಸಿ ತರುವ ಕಾಲವೂ ಒಂದೇ, ಚಳಿಗಾಲದಿಂದ ಬೇಸಿಗೆಯವರೆಗೆ. ಆ ದರಕನ್ನು ತಲೆಯ ಮೇಲೆ ಹೊತ್ತು ತಂದು, ಮನೆಯ ಗೋಡೆಗೆ ತಾಗಿದ ಕೊಟ್ಟಿಗೆಯಲ್ಲಿ ಹಾಸಿ, ಅದರ ಮೇಲೆ ಕುಳಿತು ಹಾಲು ಕರೆಯುವವರು ಯಾರು? ದನಗಳ ಮೈಗೆ ಉಣುಗಿನ ಔಷಧಿ ಹಚ್ಚುವುದು, ಕಾಡಿಗೆ ಹೋಗುವವರು ಕೈಕಾಲಿಗೆ ತೈಲ ಬಳಿದುಕೊಳ್ಳುವುದು ಇದ್ದದ್ದೇ. ಗಟ್ಟಿ ನೆಲ ಮಾಡಿಸಿ ದರಕನ್ನು ಮನೆಯಿಂದ ದೂರವಿರುವ ಗುಂಡಿಗೆ ಕಳಿಸುವುದೂ ಅಷ್ಟೇ ಮುಖ್ಯ ಎಂದು ನನಗೆ ಅನ್ನಿಸುತ್ತದೆ.

ಇನ್ನು ಒಲೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು ಹುಟ್ಟಿದ 'ಅಸ್ತ್ರ' ಕೇಂದ್ರ ಮುಂದೆ ಒಂದು ಒಲೆ ಮಾಡಿಕೊಟ್ಟಿತು. ಮೂರು ಪಾತ್ರೆ ಕೂರುವ ಆ ಅಸ್ತ್ರ ಒಲೆ ಮಲೆನಾಡಿನ ಹೆಂಗಸರ ಕಣ್ಣಿಗೆ ಮಾಡಿದ ಉಪಕಾರವನ್ನು ಹೇಳಿದಷ್ಟೂ ಕಡಿಮೆ. ಬೆಂಕಿ ಒಂದೇ ಕಡೆ. ಉರಿ ಮೊದಲ ಪಾತ್ರೆಗೆ ತಾಗಿ, ಅದರ ಬಿಸಿ ಉಳಿದೆರಡು ಪಾತ್ರೆಗಳ ಅಡಿಯಲ್ಲಿ ಹಾದು, ಹೊಗೆ ಕೊಳವೆಯಲ್ಲಿ ಹೆಂಚಿನಾಚೆ ಹೋಗುತ್ತದೆ. ಅನ್ನ, ಸಾರು, ನೀರು ಒಟ್ಟಿಗೆ ಆಗುತ್ತವೆ. ಈಗ ಏನಾಗಿದೆಯೆಂದರೆ, ಅಡಿಗೆಮನೆಗೆ ಗ್ರಾನೈಟು ಕಟ್ಟೆ, ಗ್ಯಾಸು ಬಂದವೆಂದು ಅನೇಕ ಮನೆಗಳಲ್ಲಿ ಅಸ್ತ್ರ ಒಲೆಯನ್ನು ಕಿತ್ತು ಎಸೆದರು. ಆದರೆ ಸ್ನಾನದ ನೀರಿಗೆ, ದನಕ್ಕೆ ಕುಡಿಸುವ ಬಾಯಾರಿಗೆ ಸೌದೆಯ ಬೆಂಕಿ ಬೇಕೇ ಬೇಕು. ಅದಕ್ಕೆಂದು ಹಿತ್ತಿಲಿನ ಇಳಿಮಾಡಿನಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದ್ದಾರೆ. ಸುಧಾರಿಸಿದ ಅಡಿಗೆಮನೆಯಿಂದ ಹೊರಬಿದ್ದ ಹೊಗೆ ನಲವತ್ತು ವರ್ಷದ ಹಿಂದಿನಂತೆಯೇ ಮತ್ತೆ ಮುಖಕ್ಕೆ ರಾಚುತ್ತಿದೆ. ಕೊಳವೆಯಿರುವ ಒಲೆಯನ್ನು ಬಚ್ಚಲಲ್ಲೂ ಹೂಡಬಹುದು. ನಮ್ಮಲ್ಲಿ ಅಡಿಕೆ ಸಿಪ್ಪೆ, ತೆಂಗಿನ ಗರಿಯಲ್ಲೇ ಹಂಡೆಯ ನೀರು ಕಾಯುತ್ತದೆ. ಕೊಳವೆಯ ಮಸಿಯನ್ನು ಆಗಾಗ ಕೊಡವುತ್ತಿರಬೇಕು. ಹಾಗೆ ಮಾಡದೆ ಒಲೆಯನ್ನು ಬೈಯುವವರೂ ಇದ್ದಾರೆ.

ಬಚ್ಚಲಿನ ದಾರಿಯ ಬಗ್ಗೆಯೂ ಬರೆಯಬೇಕು. ಹಳೆಯ ಮನೆಗಳಲ್ಲಿ ಅಡಿಗೆಮನೆಗೂ ಬಚ್ಚಲಿಗೂ ನಡುವೆ ಅಂಗಳ, ಮಳೆಗಾಲದಲ್ಲಿ ಅಂಗಳದ ತುಂಬ ಹಾವಸೆ. ಹಿಂದೆ ಸೋಗೆ (ಅಡಿಕೆಯ ಗರಿ) ಹಾಸುತ್ತಿದ್ದರು, ಓಡಾಡಲು ಅಡಿಕೆ ಮರ ಸೀಳಿದ ದಬ್ಬೆಯ ಸಂಕ ಹಾಕುತ್ತಿದ್ದರು. ಈಗ ಸೋಗೆ ಕಟ್ಟಲು ಆಳಿಲ್ಲ ಎಂದು ಆ ಅಂಗಳಕ್ಕೂ ನುಣುಪಾದ ಟೈಲ್ಸ್ ಬರುತ್ತಿದೆ. ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಅಜ್ಜಿಯಂದಿರು ನಮ್ಮ ಸುತ್ತಿನ ಊರುಗಳಲ್ಲಿ ಸಾಕಷ್ಟು ಮಂದಿ ಇದ್ದಾರೆ. ಒರಟು ಕಲ್ಲಿನ ಚಪ್ಪಡಿ ನಾಲ್ಕು ಹಾಸಿ, ಗೋಡೆಗೆ ಒಂದು ಕೈಹಿಡಿ ಬಡಿದರೆ ಎಷ್ಟು ಖರ್ಚಾದೀತು? ತೂಗುಮಂಚದ ಸರಪಳಿಯ ದುಡ್ಡೂ ಬೇಡ.

ಹೆಂಚಿನ ಮಾಡನ್ನು ನಿಮ್ಮ ಲೇಖಕರು ಬಾಯಿತುಂಬ ಹೊಗಳಿದ್ದಾರೆ. ನನಗೂ ಹೆಂಚೇ ಇಷ್ಟ, ಆದರೆ ಹೆಂಚಿನ ಮೇಲೆ ಮಂಗಗಳ ಹಿಂಡು ಹಾರಿದ ಮೇಲೆ ಮಳೆಯಲ್ಲಿ ಏಣಿ ಹತ್ತುವವರನ್ನೂ ಒಂದು ಮಾತು ಕೇಳಬೇಕಿತ್ತು. ಕೊಟ್ಟಿಗೆಗೆ ನಾವು ತಗಡು ಹಾಕಿಸಿ, ಬೇಸಿಗೆಯಲ್ಲಿ ಅದರ ಮೇಲೆ ಸೋಗೆ ಹೊದಿಸುತ್ತೇವೆ. ಚಿತ್ರ ತೆಗೆಯುವಷ್ಟು ಚಂದವಿಲ್ಲ.

ಕಡೆಯದಾಗಿ ದುಡ್ಡಿನ ವಿಷಯ. ಕೊಟ್ಟಿಗೆಗೂ ಬಚ್ಚಲಿಗೂ ಸೇರಿ ಸ್ವಲ್ಪ ಸಾಲ ಕೇಳಲು ಹೋದಾಗ, ಅದು ಮನೆ ದುರಸ್ತಿಯ ಬಾಬತ್ತಿಗೆ ಬರುವುದಿಲ್ಲ, ಹಸು ಕೊಳ್ಳುವುದಾದರೆ ಸಾಲ ಕೊಡುತ್ತೇವೆ ಎಂದು ಸಾಲ ಕೊಡುವವರು ಹೇಳಿದರು. ಇರುವ ಹಸುವಿಗೆ ನಿಲ್ಲಲು ನೆಲವಿಲ್ಲ, ಇನ್ನೊಂದು ಹಸು ತಂದು ಎಲ್ಲಿ ಕಟ್ಟಲಿ? ಉದ್ಯೋಗ ಖಾತ್ರಿಯಲ್ಲಿ ದನದ ಕೊಟ್ಟಿಗೆಗೆ ಸಹಾಯಧನ ಸಿಗುತ್ತದೆಂದು ಕೇಳಿ ಕಟ್ಟಿಸಿಕೊಂಡವರು ನಮ್ಮಲ್ಲಿದ್ದಾರೆ, ಅದರಿಂದ ಬಡವರಿಗೆ ಅನುಕೂಲವಾದದ್ದೂ ನಿಜ. ಹಳೆಯ ಕೊಟ್ಟಿಗೆಯ ನೆಲ, ಚರಂಡಿ, ಬೆಳಕು ಸರಿಪಡಿಸಿಕೊಳ್ಳುವ ನಮ್ಮಂಥವರಿಗೆ ಬೇಕಾದದ್ದು ಸಣ್ಣ ಮೊತ್ತ, ಸುಲಭದ ಕಾಗದಪತ್ರ. ಅದನ್ನು ನಮ್ಮ ಪ್ರಾಥಮಿಕ ಕೃಷಿ ಸಹಕಾರ ಸಂಘಗಳೇ ಕೊಡಬಹುದು, ಅಡಿಕೆ ಮಾರಿದ ಮೇಲೆ ಮುರಿದುಕೊಳ್ಳಬಹುದು.

ಸಂಘಗಳ ವಾರ್ಷಿಕ ಸಭೆ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ಈ ಸಲ ನಮ್ಮ ಸಂಘದ ಸಭೆಯಲ್ಲಿ ಎದ್ದು ನಿಂತು ಈ ವಿಷಯ ಕೇಳುವವಳಿದ್ದೇನೆ. ಬೇರೆ ಊರುಗಳ ಹೆಂಗಸರೂ ಕೇಳಲಿ. ನಿಮ್ಮ ಹೆಸರಿನಲ್ಲಿ ಷೇರಿಲ್ಲ, ಕುಳಿತುಕೊಳ್ಳಿ ಎಂದರೆ, ಅಂದೇ ಷೇರು ಹಣ ಕಟ್ಟಿ ರಸೀದಿ ತೆಗೆದುಕೊಂಡು ಬರಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗೃಹಿಣಿ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ