ಚೌತಿಯವರೆಗೆ ಕಾಯಬೇಡಿ

ಪ್ರೀತಿಯ ಅಮ್ಮ,

ನಾನು ಕ್ಷೇಮ, ನೀವೂ ಕ್ಷೇಮ ಅಂದುಕೊಂಡಿದ್ದೇನೆ ಅಂತ ಶುರು ಮಾಡಬೇಕಿತ್ತು. ನಿನ್ನ ಮೆಸೇಜ್ ನೋಡಿದ ಮೇಲೆ ಹಾಗೆ ಅಂದುಕೊಳ್ಳುವುದಾದರೂ ಹೇಗೆ? ಸಮುದ್ರದ ನಡುವೆ ನೆಟ್‌ವರ್ಕ್ ಇರಲಿಲ್ಲ, ಇಂಡೋನೇಷ್ಯಾದ ಮಕಾಸ್ಸರ್‌ನಲ್ಲಿ ಹಡಗು ಇಳಿದಾಗ ಎಲ್ಲ ಒಟ್ಟಿಗೆ ಬಂದವು. ಸುಮತ್ತೆ ಹಪ್ಪಳದ ಫೋಟೊ, ರಾಘು ಮಾರ್ಕ್ಸು, ಅದರ ಮಧ್ಯೆ ನಿನ್ನ ಒಂದು ಸಾಲು, "ಅಪ್ಪ ತೋಟದ ಕಾಲುಸಂಕದ ಹತ್ತಿರ ಸ್ವಲ್ಪ ಜಾರಿದರು, ಏನೂ ಆಗಿಲ್ಲ". ಏನೂ ಆಗದಿದ್ದರೆ ನೀನು ಬರೆಯುತ್ತಲೇ ಇರಲಿಲ್ಲ, ಅಲ್ವಾ?

ಅಣ್ಣನಿಗೆ ಫೋನ್ ಮಾಡಿ ಎಲ್ಲ ಕೇಳಿದೆ. ಅಡಿಕೆಗೆ ಕೊಳೆ ಔಷಧಿ ಹೊಡೆಸಲು ತೋಟಕ್ಕೆ ಹೋದವರಿಗೆ ಸಂಕದ ಅಂಚೇ ಕಾಣಲಿಲ್ಲವಂತೆ. ಕಣ್ಣಿನ ಪೊರೆ ಆಪರೇಷನ್ ಮುಂದೆ ಹಾಕಿದ್ದಕ್ಕೆ ಕಾರಣ ನಾನಂತೆ. "ಅವಳು ಪರದೇಶದಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕಳಿಸಲು ದುಡ್ಡು ಬೇಕು" ಅಂತ ಅಪ್ಪ ಅಂದರಂತೆ. ಅದಕ್ಕೇ ಈ ಲೆಕ್ಕ ಬರೆಯುತ್ತಿದ್ದೇನೆ. ಅಪ್ಪನ ಎದುರು ಕೂತು ಜೋರಾಗಿ ಓದು, ಅವರಿಗೆ ಈಗ ಓದಲು ಆಗುವುದಿಲ್ಲವಲ್ಲ.

ಇಂಡೋನೇಷ್ಯಾದಲ್ಲಿ ನಮ್ಮ ಒಂದು ರೂಪಾಯಿಗೆ ಇವರ ಸುಮಾರು ನೂರಾ ಎಂಬತ್ತು ರುಪಿಯಾ ಸಿಗುತ್ತದೆ. ವೀಸಾಕ್ಕೆ 5 ಲಕ್ಷ ಕೊಟ್ಟೆ ಅಂದಾಗ ದೊಡ್ಡಪ್ಪ ಹೌಹಾರಿದ್ದರು, ಅದು ನಮ್ಮ ಎರಡೂವರೆ ಸಾವಿರ ಚಿಲ್ಲರೆ ಅಷ್ಟೆ. ಜೋಗ್ಜಾದಲ್ಲಿ (ಯೋಗ್ಯಕರ್ತಾ ಊರಿಗೆ ಇಲ್ಲಿನವರ ಹೆಸರು) ಡಾರ್ಮಿಟರಿಯ ಹಾಸಿಗೆಗೆ ದಿನಕ್ಕೆ ಐನೂರರ ಒಳಗೆ. ಅಲ್ಲಿಂದ ಸುರಬಾಯಾಕ್ಕೆ ಎಕಾನಮಿ ರೈಲು, ಅದೂ ಐನೂರರ ಒಳಗೆ. ಎದುರುಬದುರು ಸೀಟು, ಎದುರಿನವರ ಮೊಣಕಾಲು ನಮ್ಮ ಮೊಣಕಾಲಿಗೆ ಬಡಿಯುತ್ತದೆ, ಆದರೆ ಆ ಅಗ್ಗದ ರೈಲಿಗೂ ಎಸಿ. ಫೋನಿನಲ್ಲಿ ನನ್ನ ಗಂಟಲು ಕಟ್ಟಿದ ಹಾಗೆ ಕೇಳಿಸಿದ್ದು ಅದರಿಂದಲೇ. ಜ್ವರ ಇಲ್ಲ, ಶೀತವೂ ಇಲ್ಲ, ಶುಂಠಿ ಕುಡಿಯುತ್ತಿದ್ದೇನೆ, ನೀನು ಮತ್ತೆ ಅದನ್ನೇ ಹಿಡಿಯಬೇಡ.

ಸುರಬಾಯಾದಿಂದ ಮಕಾಸ್ಸರ್‌ಗೆ ಸರ್ಕಾರಿ ಹಡಗು, ಪೆಲ್ನಿ ಅಂತ. ಊಟವೂ ಸೇರಿ ಒಂದೂವರೆ ಸಾವಿರದ ಆಸುಪಾಸು. ಎಕಾನಮಿ ಅಂದರೆ ಉದ್ದದ ಹಾಲು, ಸಾಲಾಗಿ ಹಾಸಿಗೆ, ಅಲ್ಲೇ ಊಟ, ಅಲ್ಲೇ ನಿದ್ದೆ. ಹೆದರಬೇಡ, ಪಕ್ಕದಲ್ಲಿದ್ದವರು ಬುಗಿಸ್ ಜನಾಂಗದ ಒಂದು ಕುಟುಂಬ, ಆ ಅಜ್ಜಿ ನನ್ನ ಬ್ಯಾಗನ್ನು ತಲೆದಿಂಬು ಮಾಡಿಕೊಂಡೇ ಮಲಗಿದರು. ಈ ಹಡಗು ಇನ್ನೂ ಮುಂದೆ ಪಾಪುವಾದವರೆಗೂ ಹೋಗುತ್ತದೆ, ಹಾಗಾಗಿ ಎಲ್ಲ ಥರದ ಜನ. ಜಾವಾದ ವ್ಯಾಪಾರಿಗಳು, ಫ್ಲೋರೆಸ್ ದ್ವೀಪದ ಕ್ಯಾಥೊಲಿಕ್ ಹುಡುಗಿಯರು, ನಮಾಜಿನ ಹೊತ್ತು ಹೇಳುವ ಸ್ಪೀಕರ್, ಗಿಟಾರು, ಕೋಳಿ ಕೂಗಿದ ಹಾಗೆ ಅಳುವ ಮಕ್ಕಳು.

ಈಗ ಅಪ್ಪನಿಗೆ ಒಂದು ವಿಷಯ. ಪಾಪುವಾದ ಒಬ್ಬ ಹೆಂಗಸು ಅಡಿಕೆ ತಿನ್ನುತ್ತಿದ್ದರು! ಬೇಯಿಸಿದ್ದಲ್ಲ, ಒಣಗಿಸಿದ್ದಲ್ಲ, ಹಸಿರು ಹಸಿ ಅಡಿಕೆ. ಹಲ್ಲಿನಲ್ಲೇ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ವೀಳ್ಯದೆಲೆ ಇಲ್ಲ, ಎಲೆಯ ಬದಲು ಅದೇ ಜಾತಿಯ ಬಳ್ಳಿಯ ಉದ್ದನೆಯ ಕಾಯನ್ನು ಸುಣ್ಣದ ಪುಡಿಗೆ ಅದ್ದಿ ಕಚ್ಚುತ್ತಾರೆ. ನಮ್ಮದು ಅಡಿಕೆ ತೋಟ ಅಂತ ಮೊಬೈಲಿನಲ್ಲಿ ಫೋಟೊ ತೋರಿಸಿದೆ. ಅಷ್ಟಕ್ಕೇ ಒಂದು ಅಡಿಕೆ ಕೈಗಿಟ್ಟರು. ತಿಂದೆ, ತಲೆ ಗಿರ್ರಂತು, ಎಲ್ಲರೂ ನಕ್ಕರು. ವಿದೇಶಿ ಅಡಿಕೆ ಬಂದು ರೇಟು ಬಿತ್ತು ಅಂತ ದೊಡ್ಡಪ್ಪ ಬೈಯುವಾಗಲೆಲ್ಲ ಇಂಡೋನೇಷ್ಯಾದ ಹೆಸರೂ ಬರುತ್ತದಲ್ಲ, ಆದರೆ ಇವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗಂತೂ ಆಗಲಿಲ್ಲ.

ಗಣಪತಿ ಇರುವ ನೋಟು ತಾ ಅಂತ ದೊಡ್ಡಪ್ಪ ಹೇಳಿದ್ದರು. ಅದು 1998ರಲ್ಲಿ ಬಂದ 20,000ದ ನೋಟು, ಚಲಾವಣೆ ನಿಂತು ಎಷ್ಟೋ ಕಾಲವಾಯಿತು. ವಾಟ್ಸಾಪಿನಲ್ಲಿ ಮಾತ್ರ ಇನ್ನೂ ಓಡುತ್ತಿದೆ. ಅದರ ಬದಲು ಇದನ್ನು ಹೇಳು, ರೈಲಿನಲ್ಲಿ ನನ್ನ ಎದುರು ಕೂತಿದ್ದ ಹುಡುಗನ ಹೆಸರು ವಿಸ್ನು, ಬಿಸ್ಮಿಲ್ಲಾ ಅಂದು ಊಟದ ಪೊಟ್ಟಣ ಬಿಚ್ಚಿದ. ಇಲ್ಲಿ ಯಾರಿಗೂ ಅದು ವಿಚಿತ್ರ ಅಲ್ಲ. ಪ್ರಂಬನಾನ್ ದೇವಸ್ಥಾನಕ್ಕೂ ಹೋಗಿದ್ದೆ, 9ನೇ ಶತಮಾನದ್ದು, ಶಿವನ ಗುಡಿಯೇ 47 ಮೀಟರ್ ಎತ್ತರ, ಸುತ್ತಲಿನ ಗೋಡೆಯ ಒಳಮೈಯಲ್ಲಿ ರಾಮಾಯಣ ಕೆತ್ತಿದ್ದಾರೆ. ಕೈ ಕಚ್ಚಿದ ಖರ್ಚು ಅದೊಂದೇ. ವಿದೇಶಿಯರಿಗೆ ಟಿಕೆಟ್ ಹಲವು ಪಟ್ಟು ಜಾಸ್ತಿ, ಹಂಪಿಯಲ್ಲಿ ನಾವು ಮಾಡುವುದೂ ಅದೇ ತಾನೆ.

ಊಟದ ಚಿಂತೆ ಬೇಡ. ವಾರುಂಗ್ ಅನ್ನುವ ಸಣ್ಣ ಹೋಟೆಲುಗಳಲ್ಲಿ ಗಾಜಿನ ಕಪಾಟಿನಲ್ಲಿ ಪಲ್ಯಗಳನ್ನು ಇಟ್ಟಿರುತ್ತಾರೆ, ಬೆರಳು ತೋರಿಸಿದರೆ ಅನ್ನದ ಮೇಲೆ ಹಾಕಿಕೊಡುತ್ತಾರೆ. ಸೋಯಾ ಕಾಳನ್ನು ಹುದುಗಿಸಿ ಮಾಡುವ ತೆಂಪೆ, ಬೇಯಿಸಿದ ಸೊಪ್ಪಿಗೆ ಶೇಂಗಾ ಚಟ್ನಿ, ನೂರು ರೂಪಾಯಿಗೆ ಹೊಟ್ಟೆ ತುಂಬುತ್ತದೆ. ಸಾಂಬಾಲ್ ಅನ್ನುವ ಖಾರದ ಚಟ್ನಿಯಲ್ಲಿ ಹೆಚ್ಚಾಗಿ ಸಿಗಡಿ ಇರುತ್ತದೆ, ಕೇಳಿಕೊಂಡೇ ತಿನ್ನುತ್ತೇನೆ. ಮಜ್ಜಿಗೆ ಮಾತ್ರ ಎಲ್ಲೂ ಇಲ್ಲ, ಅದೊಂದಕ್ಕೆ ಅಳು ಬರುತ್ತದೆ.

ಇಷ್ಟೇ ನನ್ನ ಖರ್ಚು. ಈಗ ಹೇಳು, ಅಪ್ಪ ಯಾರಿಗಾಗಿ ದುಡ್ಡು ತೆಗೆದಿಟ್ಟಿದ್ದಾರೆ? ಚೌತಿ ಕಳೆಯಲಿ ಅನ್ನುತ್ತಾರೆ, ಆಮೇಲೆ ನವರಾತ್ರಿ ಅನ್ನುತ್ತಾರೆ, ಆಮೇಲೆ ಅಡಿಕೆಯ ಕೊನೆಕೊಯ್ಲು. ಪೊರೆ ಹಣ್ಣಾಗಲಿ ಅನ್ನುವುದು ಅಜ್ಜಿಯ ಕಾಲದ ಮಾತು. ಈಗ ಸಣ್ಣದಾಗಿ ಕೊಯ್ದು, ಪೊರೆಯನ್ನು ಒಳಗೇ ಪುಡಿ ಮಾಡಿ ತೆಗೆದು ಲೆನ್ಸ್ ಕೂರಿಸುತ್ತಾರೆ. ತೀರಾ ಬಲಿತರೆ ಗಟ್ಟಿಯಾಗಿ ತೆಗೆಯುವುದೇ ಕಷ್ಟ, ಕಣ್ಣಿನ ಒತ್ತಡವೂ ಏರಬಹುದು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಅದೇ ದಿನ ಮನೆಗೆ ಬರಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವಾಗಿಯೂ ಮಾಡುತ್ತಾರೆ, ಖಾಸಗಿಯೇ ಬೇಕು ಅಂದರೆ ನನ್ನ ಅಕೌಂಟಿನಿಂದ ಅಣ್ಣನಿಗೆ ಕಳಿಸುತ್ತೇನೆ. ಸಕ್ಕರೆ ಹತೋಟಿಯಲ್ಲಿರಬೇಕು, ಅದಕ್ಕೆ ಈಗಿನಿಂದಲೇ ಆ ರಾತ್ರಿಯ ಬಾಳೆಹಣ್ಣು ನಿಲ್ಲಿಸು. ಆಪರೇಷನ್ ಆದ ಮೇಲೆ ಕೆಲವು ವಾರ ಡ್ರಾಪ್ಸ್ ತಪ್ಪಿಸಬಾರದು, ಬಗ್ಗಿ ಭಾರ ಎತ್ತಬಾರದು, ಬಚ್ಚಲೊಲೆಯ ಹೊಗೆಯ ಹತ್ತಿರ ಸುಳಿಯಬಾರದು. ಒಲೆ ನಾನೇ ಹಚ್ಚಬೇಕು ಅಂತ ಹಟ ಮಾಡುತ್ತಾರೆ, ಬಿಡಬೇಡ. ಆಪರೇಷನ್ ಆಗುವವರೆಗೆ ತೋಟಕ್ಕೆ ಒಬ್ಬರೇ ಬೇಡ. ಮಳೆಗಾಲದಲ್ಲಿ ಆ ಸಂಕದ ಮೇಲೆ ಕಣ್ಣು ಸರಿಯಿದ್ದವರೇ ಜಾರುತ್ತಾರೆ. ಅಣ್ಣನಿಗೆ ಹಗ್ಗವಾದರೂ ಕಟ್ಟಲು ಹೇಳಿದ್ದೇನೆ.

ನಾನು ಬಂದ ಮೇಲೆ ಮಾಡಿಸೋಣ ಅಂದರೆ ಒಪ್ಪಬೇಡ. ಬರಲೇಬೇಕು ಅಂದರೆ ಬರುತ್ತೇನೆ, ಟಿಕೆಟ್ ಬದಲಾಯಿಸಬಹುದು. ಆದರೆ ಅದಕ್ಕೆ ದಂಡ ಕಟ್ಟಬೇಕು ಅಂತಲೂ ಅಪ್ಪನಿಗೆ ಹೇಳು, ಆ ಲೆಕ್ಕ ಅವರಿಗೆ ಬೇಗ ಅರ್ಥವಾಗುತ್ತದೆ.

ಈಗ ಮಕಾಸ್ಸರ್‌ನಿಂದ ತೊರಾಜಾಕ್ಕೆ ರಾತ್ರಿ ಬಸ್ಸು, ಬೆಟ್ಟದ ಮೇಲಿನ ಊರು, ಕಾಫಿ ಬೆಳೆಯುತ್ತಾರೆ, ತಣ್ಣಗಿರುತ್ತದಂತೆ. ಸ್ವೆಟರ್ ಇದೆ. ಸೀಟು ನಮ್ಮ ಯಾವ ಬಸ್ಸಿಗಿಂತಲೂ ದೊಡ್ಡದು. ನಾನು ಆರಾಮ, ನಿಜವಾಗಿಯೂ ಆರಾಮ. ಕಂಡಕ್ಟರ್ ಕರೆಯುತ್ತಿದ್ದಾನೆ. ಆಸ್ಪತ್ರೆಯ ತಾರೀಕು ಸಿಕ್ಕ ಕೂಡಲೇ ಮೆಸೇಜ್ ಹಾಕು, ಅಪ್ಪನ ಮೇಲೆ ಬಿಡಬೇಡ, ನೀನೇ ಹಾಕು. ಸುಮತ್ತೆಗೆ ಹಪ್ಪಳ ತೆಗೆದಿಡಲು ಹೇಳು.

ನಿನ್ನ,
ಪುಟ್ಟಿ