ಸಂಜೆ ಏಳು ಗಂಟೆಯ ಹೊತ್ತು: ಗೆಳತಿಗೊಂದು ಪತ್ರ

ಗೆಳತೀ,

ಭಾನುವಾರ ರಾತ್ರಿ ಎರಡು ಗಂಟೆಗೆ ನೀನು ಕಳಿಸಿದ ಮೆಸೇಜ್ ನಾನು ನೋಡಿದ್ದು ಬೆಳಿಗ್ಗೆ. "ನೀ ಹೆಂಗ ಬಿಟ್ಟಿ? ನಾ ಕುಡುಕಿ ಆಗೀನೇನು?" ಎರಡೇ ಸಾಲು. ಫೋನಿನಲ್ಲಿ ಹೇಳಲು ಹೋದರೆ ಅರ್ಧ ನುಂಗಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ. ನಿನ್ನ ಹಾಗೆಯೇ ಅಪರಾತ್ರಿಯಲ್ಲಿ ಎದ್ದು ಕೂತ ಇನ್ನೊಬ್ಬಳ ಕಣ್ಣಿಗೂ ಬೀಳಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಎರಡನೇ ಪ್ರಶ್ನೆ ಮೊದಲು ಬಿಟ್ಟುಬಿಡು. ನಾನು ಮೂರು ವರ್ಷ ಅದನ್ನೇ ಕೇಳಿಕೊಂಡು ಕೂತಿದ್ದೆ. ತಪ್ಪದೆ ಆಫೀಸಿಗೆ ಹೋಗ್ತೀನಿ, ಎಲ್ಲೂ ಬಿದ್ದಿಲ್ಲ, ಯಾರಿಗೂ ಬೈದಿಲ್ಲ, ಅಂದಮೇಲೆ ಕುಡುಕಿ ಅಲ್ಲ. ಆ ಸಮಾಧಾನಕ್ಕೇ ಇನ್ನೊಂದು ಲೋಟ. ನಮ್ಮ ಕಡೆ ಅದು ಎಂಥಾ ಬೈಗುಳ ಅಂತ ನಿನಗೆ ಗೊತ್ತು. ಆ ಹೆಸರು ಹಚ್ಚಿಕೊಂಡ ಮೇಲೆಯೇ ಬಿಡಬೇಕು ಅಂದರೆ ಯಾವ ಹೆಣ್ಣುಮಗಳೂ ಬಿಡಲಾರಳು.

ನಮ್ಮಿಬ್ಬರದೂ ಶುರುವಾಗಿದ್ದು ಬೆಂಗಳೂರಿನ ಪಿ.ಜಿ.ಯಲ್ಲಿ, ನಗುನಗುತ್ತಾ. ರಾಯಚೂರಿಗೆ ವರ್ಗವಾಗಿ ಬಂದ ಮೇಲೆ ನನ್ನದು ಬೇರೆಯಾಯಿತು. ಇವರು ಕೆಲಸದ ಮೇಲೆ ಬೇರೆ ಊರಿನಲ್ಲಿ, ಮನೆಯಲ್ಲಿ ನಾನು, ಮಗಳು. ಸಂಜೆ ಏಳಕ್ಕೆ ಸ್ಟೀಲ್ ಲೋಟದಲ್ಲಿ ವೈನ್ ಹಾಕಿಕೊಂಡು ಮೇಲೊಂದು ತಟ್ಟೆ ಮುಚ್ಚಿ ಒಲೆಯ ಪಕ್ಕ ಇಡುತ್ತಿದ್ದೆ. ನೋಡಿದವರಿಗೆ ಮಜ್ಜಿಗೆ. ಪರಿಚಯದ ಆಟೋದವನ ಕೈಲಿ ತರಿಸುತ್ತಿದ್ದೆ, "ಸಾಹೇಬ್ರು ಬಂದಾರ" ಅಂತ ಸುಳ್ಳು ಹೇಳಿ. ಸಾಹೇಬರು ತಿಂಗಳಿಗೊಮ್ಮೆ ಬರೋದು. ಬಾಟಲಿ ವಾರಕ್ಕೆ ಮೂರು. ಖಾಲಿ ಬಾಟಲಿಗಳನ್ನು ಪೇಪರಿನಲ್ಲಿ ಸುತ್ತಿ ಸ್ಕೂಟಿ ಡಿಕ್ಕಿಯಲ್ಲಿಟ್ಟು, ನಮ್ಮ ಓಣಿ ದಾಟಿ ಸ್ಟೇಷನ್ ರಸ್ತೆಯ ಕಡೆ ಎಸೆದು ಬರುತ್ತಿದ್ದೆ. ತಗ್ಗಿನಲ್ಲಿ ಗಾಡಿ ಹಾರಿದಾಗ ಒಳಗೆ ಗಾಜು ಗಾಜಿಗೆ ತಾಗಿದ ಸಪ್ಪಳಕ್ಕೆ ಬೆನ್ನು ಬೆವರುತ್ತಿತ್ತು. ಕುಡಿಯುವುದಕ್ಕಿಂತ ಮುಚ್ಚಿಡುವುದರಲ್ಲೇ ನಾನು ಹೆಚ್ಚು ಸವೆದೆ.

ವೈನ್ ಅಂದರೆ ಹಗುರ ಅಂತ ನಂಬಿದ್ದೆವಲ್ಲ, ಒಂದು ದಿನ ಕೂತು ಲೆಕ್ಕ ಹಾಕಿದೆ. 750 ಎಂ.ಎಲ್. ಬಾಟಲಿ, ಅದರಲ್ಲಿ ನೂರಕ್ಕೆ 13 ಭಾಗ ಆಲ್ಕೋಹಾಲ್. ಅರ್ಧ ಬಾಟಲಿ ಅಂದರೆ 30 ಎಂ.ಎಲ್. ವಿಸ್ಕಿಯ ಹೆಚ್ಚುಕಡಿಮೆ ನಾಲ್ಕು ಪೆಗ್ಗು. ಇವರು ಅಷ್ಟು ಕುಡಿದಿದ್ದರೆ ನಾನು ಮನೆ ಎತ್ತಿ ಇಳಿಸುತ್ತಿದ್ದೆ. ಅದೂ ಅಲ್ಲದೆ ಹೆಣ್ಣಿನ ಮೈಯಲ್ಲಿ ನೀರಿನ ಅಂಶ ಕಡಿಮೆ, ಹೊಟ್ಟೆಯಲ್ಲೇ ಅದನ್ನು ಕರಗಿಸುವ ಕಿಣ್ವವೂ ಕಡಿಮೆ. ಅಷ್ಟೇ ಕುಡಿದರೂ ನಮ್ಮ ರಕ್ತಕ್ಕೆ ಹೆಚ್ಚು ಸೇರುತ್ತೆ, ನಮ್ಮ ಲಿವರ್ ಬೇಗ ಕೆಡುತ್ತೆ. ಮದ್ಯ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಹೇಳಿಯಾಗಿದೆ. ಸ್ತನದ ಕ್ಯಾನ್ಸರನ್ನೂ ಆಮೇಲೆ ಆ ಪಟ್ಟಿಗೆ ಸೇರಿಸಿದರು, ಸ್ವಲ್ಪ ಕುಡಿಯುವವರಿಗೂ ಅದರ ಅಪಾಯ ಹೆಚ್ಚುತ್ತೆ. ಇಷ್ಟು ಕುಡಿದರೆ ಏನೂ ಆಗಲ್ಲ ಅನ್ನುವ ಅಳತೆಯೇ ಇಲ್ಲ ಅಂತ 2023ರ ಜನವರಿಯಲ್ಲಿ ಅದೇ ಸಂಸ್ಥೆ ಹೇಳಿತು. ನನ್ನ ಚಿಕ್ಕಮ್ಮ ಅದೇ ಕಾಯಿಲೆಯಲ್ಲಿ ಹೋದದ್ದು ನಿನಗೆ ಗೊತ್ತು. ಅವರು ಒಂದು ಹನಿ ಮುಟ್ಟಿದವರಲ್ಲ. ನಾನು ಮಾತ್ರ ಇದ್ದ ಅಪಾಯಕ್ಕೆ ಇನ್ನಷ್ಟು ಸೇರಿಸಿಕೊಳ್ಳುತ್ತಾ ಕೂತಿದ್ದೆ.

ಎದೆ ಉರಿ, ಬಿ.ಪಿ., ನಿದ್ದೆ ಇಲ್ಲ ಅಂತ ಎರಡು ವರ್ಷ ಡಾಕ್ಟರ ಹತ್ತಿರ ಅಲೆದೆ. ಥೈರಾಯಿಡ್ ನೋಡಿದರು, ಟೆನ್ಷನ್ ಕಡಿಮೆ ಮಾಡ್ರಿ ಅಂದರು. "ಕುಡೀತೀರೇನು?" ಅಂತ ಒಬ್ಬರೂ ಕೇಳಲಿಲ್ಲ. ಸೀರೆ ಉಟ್ಟು, ಮಗಳ ಕೈ ಹಿಡಿದು ಕೂತವಳನ್ನು ಹಾಗೆ ಕೇಳುವುದಾದರೂ ಹೇಗೆ ಅನ್ನಿಸಿರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆಣ್ಣುಮಕ್ಕಳಲ್ಲಿ ಕುಡಿಯುವವರು ನೂರಕ್ಕೆ 1.3. ನಮ್ಮ ಮನೆಗೆ ಬಂದು ಕೇಳಿದ್ದರೆ ನಾನೂ ಇಲ್ಲ ಅಂತಲೇ ಬರೆಸುತ್ತಿದ್ದೆ.

ನಮ್ಮ ಹಿಂದಿನ ಓಣಿಯ ಹೆಣ್ಣುಮಕ್ಕಳು ಕಳೆ ತೆಗೆದು ಬಂದು ಮೈಕೈ ನೋವಿಗೆ ಸೇಂದಿ ಕುಡಿಯುತ್ತಾರೆ. ಹೆಸರಿಗೆ ಸೇಂದಿ, ಈಚಲ ಮರದಿಂದ ಇಳಿದದ್ದಲ್ಲ. ನೀರಿಗೆ ಸಿ.ಎಚ್. ಪೌಡರ್ ಕಲಸಿದ್ದು, ಮಂಪರು ತರುವ ರಾಸಾಯನಿಕ. ಅವರನ್ನು ಕಂಡರೆ ನಾನು ಮುಖ ತಿರುವುತ್ತಿದ್ದೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಮಾಡ್ರಿ ಅಂತ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರಲ್ಲ, ಅದನ್ನು ಟಿ.ವಿ.ಯಲ್ಲಿ ನೋಡಿ ಕಣ್ಣೀರು ಹಾಕಿದೆ. ಕೈಯಲ್ಲಿ ಲೋಟ ಇತ್ತು. ಗಂಡ ಕುಡಿದು ಬಡಿಯುವ ಮನೆಯ ಸಂಕಟ ಬೇರೆ, ನನ್ನದು ಬೇರೆ ಅಂತ ಆಗ ಅಂದುಕೊಂಡಿದ್ದೆ.

ನಿಜವಾಗಿ ಕಣ್ಣು ತೆರೆಸಿದವಳು ಮಗಳು. ಒಂದು ಬೆಳಿಗ್ಗೆ ಜಡೆ ಹಾಕುತ್ತಾ, ಶಾಲೆಯ ನಾಟಕದಲ್ಲಿ ನಿನಗೆ ಪಾತ್ರ ಸಿಕ್ಕಿತೇನು ಅಂತ ಕೇಳಿದೆ. "ರಾತ್ರಿ ಹೇಳಿದ್ನಲ್ಲಮ್ಮಾ. ನೀ ಚಪ್ಪಾಳೀನೂ ಹೊಡದಿ." ನನಗೆ ಒಂದಕ್ಷರ ನೆನಪಿರಲಿಲ್ಲ. ಅಂಥದ್ದೇ ಇನ್ನೆರಡು ಸಲ ಆಯಿತು. ಆಮೇಲೆ ಅವಳು ರಾತ್ರಿ ಹೊತ್ತು ಹೇಳುವುದನ್ನೇ ಬಿಟ್ಟಳು. ಜಗಳವಿಲ್ಲ, ಸಿಟ್ಟಿಲ್ಲ, ಊಟ ಮಾಡಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು.

ಹೋದ ವರ್ಷ ಕಾರಹುಣ್ಣಿಮೆಯ ಮರುದಿನ ನಿಲ್ಲಿಸಿದೆ. ಅದಕ್ಕೂ ಮೊದಲು 14416ಕ್ಕೆ ಫೋನ್ ಮಾಡಿದ್ದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡಿದರು, ಹೀಗಳೆಯಲಿಲ್ಲ. ಬೆಳಿಗ್ಗೆ ಕೈ ನಡುಗುತ್ತಾ, ಬೆವರುತ್ತಾ ಅಂತ ಕೇಳಿದರು. ಇದನ್ನು ನೀನು ಸರಿಯಾಗಿ ಕೇಳಿಸಿಕೋ: ನಿನಗೆ ಹಾಗೆ ಆಗುತ್ತಿದ್ದರೆ ಒಬ್ಬಳೇ ದಿಢೀರ್ ಅಂತ ನಿಲ್ಲಿಸಬೇಡ. ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ನಿನಗೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಅಲ್ಲೇ ಇದೆ, ವ್ಯಸನದ್ದೇ ಬೇರೆ ವಿಭಾಗ ಇದೆ, ಮೊದಲು ಅಲ್ಲಿ ತೋರಿಸು. ನಾನು ಬೇಕಾದರೆ ರಾತ್ರಿ ರೈಲು ಹತ್ತಿ ಬರ್ತೀನಿ.

ಮೊದಲ ಎರಡು ವಾರ ನಿದ್ದೆ ಹತ್ತಲಿಲ್ಲ. ಏಳು ಗಂಟೆ ಬಂದರೆ ಅಡುಗೆಮನೆಯಲ್ಲಿ ಕೈ ಏನು ಮಾಡಬೇಕು ಅಂತ ಗೊತ್ತಾಗುತ್ತಿರಲಿಲ್ಲ. ಅದೇ ಲೋಟಕ್ಕೆ ಸೋಡಾ, ನಿಂಬೆಹಣ್ಣು, ಉಪ್ಪು, ಹುರಿದ ಜೀರಿಗೆ ಪುಡಿ ಹಾಕಿದೆ. ತಟ್ಟೆ ಮುಚ್ಚಲಿಲ್ಲ. ಕುಡಿಯಬೇಕೆಂಬ ತುಡಿತ ಏರುತ್ತೆ, ನನಗೆ ಅರ್ಧ ತಾಸಿನೊಳಗೆ ಇಳಿಯುತ್ತಿತ್ತು. ಅಷ್ಟು ಹೊತ್ತು ಹಿಟ್ಟು ನಾದಿದೆ. ದೀಪಾವಳಿಗೆ ಒಮ್ಮೆ ಜಾರಿದೆ, ಮರುದಿನ ಮತ್ತೆ ಶುರು ಮಾಡಿದೆ. ಗಂಡನಿಗೆ ಹೇಳಿದ್ದು ಆಮೇಲೆ. ಬಹಳ ಹೊತ್ತು ಸುಮ್ಮನಿದ್ದರು, ಆಮೇಲೆ "ನಂಗ್ಯಾಕ ಹೇಳಲಿಲ್ಲ" ಅಂದರು, ಅಷ್ಟೇ.

ಗುರುವಾರ ಸಂಜೆ ಏಳಕ್ಕೆ ಫೋನ್ ಮಾಡ್ತೀನಿ. ಆ ಹೊತ್ತಿಗೇ ಮಾಡ್ತೀನಿ, ಎತ್ತು. ಮಾತಾಡೋಕೆ ಮನಸ್ಸಿಲ್ಲದಿದ್ದರೆ ಸುಮ್ಮನೆ ಕಿವಿಗೆ ಇಟ್ಕೊಂಡಿರು. ನಾ ರೊಟ್ಟಿ ಬಡೀತಿರ್ತೀನಿ, ಮಗಳು ಪಕ್ಕದಲ್ಲಿ ಶಾಲೆಯ ಕತೆ ಹೇಳ್ತಿರ್ತಾಳೆ.

ನಿನ್ನ,
ರಾಯಚೂರಿನ ಗೆಳತಿ